ಡಬ್ಬಿಯ ತಳದ ಚೀಟಿ

“ಗುರುಗಳೇ, ನನ್ನ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಏನೇನು ಬದಲಾಗಿದೆ ಎಂದು ನಲವತ್ತೊಂದು ಸಾಲು ಬರೆದಿಟ್ಟಿದ್ದೆ. ಜನ ಓದದೆ ಅಪ್‌ಡೇಟ್ ಮಾಡಿಕೊಂಡರು. ಕೆಲಸ ಕೆಟ್ಟಿತೆಂದು ಈಗ ನನ್ನನ್ನೇ ಬಯ್ಯುತ್ತಿದ್ದಾರೆ. ತಪ್ಪು ಯಾರದು?” ಎಂದು ಶಿಷ್ಯೆ ಕೇಳಿದಳು. ಮರುದಿನ ಇನ್ನೊಂದು ಆವೃತ್ತಿ ಹೊರಬರಬೇಕಿತ್ತು. ಅದರ ಬದಲಾವಣೆಗಳ ಹಾಳೆ ಅವಳ ಕೈಯಲ್ಲೇ ಇತ್ತು. ಅದೂ ಅಷ್ಟೇ ಉದ್ದ.

ಗುರುಗಳು ಹೇಳಿದರು:

ಒಬ್ಬ ಇಂಗಿನ ವ್ಯಾಪಾರಿ ಇದ್ದ. ಎಲ್ಲರಂತೆ ಹಿಟ್ಟು ಬೆರೆಸಿಯೇ ಮಾರುತ್ತಿದ್ದ. ಒಂದು ವರ್ಷ ಒಳ್ಳೆಯ ಮಾಲು ಸಿಕ್ಕಿತು, ಹಿಟ್ಟು ಬಿಟ್ಟ. ಘಾಟು ಐದು ಪಟ್ಟಾಯಿತು. ಮನುಷ್ಯ ಪ್ರಾಮಾಣಿಕ. ಬದಲಾದದ್ದನ್ನೆಲ್ಲ ಚೀಟಿಯಲ್ಲಿ ಬರೆದ: ಡಬ್ಬಿಯ ಬಣ್ಣ ಹೊಸದು, ಮುಚ್ಚಳ ಬಿಗಿಯಾಗಿದೆ, ಅಂಗಡಿಗೆ ಇನ್ನೊಂದು ಬಾಗಿಲು ಇಟ್ಟಿದ್ದೇವೆ, ಕಡಲೆಯಷ್ಟು ಹಾಕುತ್ತಿದ್ದವರು ಸಾಸಿವೆಯಷ್ಟು ಹಾಕಿ, ಗುರುವಾರ ರಜೆ. ಚೀಟಿಯನ್ನು ಮಡಿಸಿ ಡಬ್ಬಿಯ ತಳದಲ್ಲಿಟ್ಟು ಮೇಲೆ ಇಂಗು ತುಂಬಿದ.

ಮದುವೆಮನೆಗಳಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು ಆ ಡಬ್ಬಿ ಕೊಂಡಳು. ಇಪ್ಪತ್ತು ವರ್ಷದ ಅಳತೆ ಅವಳ ಬೆರಳಲ್ಲೇ ಇತ್ತು. ಮುನ್ನೂರು ಎಲೆಯ ಊಟ. ಸಾರು ಕಹಿಯಾಯಿತು, ಬೀಗರು ಎಲೆ ಬಿಟ್ಟೆದ್ದರು. ಮುಂದಿನ ಎರಡು ಮದುವೆಯವರು ಬೇರೆ ಅಡುಗೆಯವರನ್ನು ಹುಡುಕಿಕೊಂಡರು.

ಅವಳು ಖಾಲಿ ಡಬ್ಬಿ ಹಿಡಿದು ಅಂಗಡಿಗೆ ಬಂದಳು.

“ಬರೆದಿದ್ದೆನಲ್ಲ ತಾಯಿ, ಓದಬೇಕಿತ್ತು.”

“ಓದಿದೆನಪ್ಪ. ಇಂಗೆಲ್ಲ ಸಾರಿಗೆ ಬಿದ್ದ ಮೇಲೆ ನಿನ್ನ ಚೀಟಿ ಮುಖ ತೋರಿಸಿತು. ಗುರುವಾರ ರಜೆ ಅಂತ ತಿಳಿದದ್ದು ಒಳ್ಳೆಯದೇ ಆಯಿತು, ಬುಧವಾರವೇ ಬಂದೆ.”

ವ್ಯಾಪಾರಿ ಖಾಲಿ ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡ. ಆ ದಿನವೇ ಹೊಸ ಚೀಟಿ ಬರೆದ: ‘ಇಂಗು ಬದಲಾಗಿದೆ. ಕಡಲೆಯಷ್ಟು ಬೇಡ, ಸಾಸಿವೆಯಷ್ಟು ಸಾಕು. ಒಪ್ಪಿಗೆಯಿದ್ದರೆ ದಾರ ಬಿಚ್ಚಿ. ಇಲ್ಲದಿದ್ದರೆ ಹಳೆಯದೂ ಸಿಗುತ್ತದೆ.’ ಅದನ್ನು ಮುಚ್ಚಳಕ್ಕೆ ಅಡ್ಡವಾಗಿ ದಾರದಲ್ಲಿ ಕಟ್ಟಿದ. ಬಾಗಿಲು, ಬಣ್ಣ, ರಜೆಯ ಸುದ್ದಿಯನ್ನು ಬೇಕಾದವರು ಓದಲೆಂದು ಅಂಗಡಿಯ ಗೋಡೆಗೆ ಅಂಟಿಸಿದ. ಹಾಗೆ ಕಟ್ಟಿದ ಮೊದಲ ಡಬ್ಬಿಯನ್ನು ತಾನೇ ಅವಳ ಮನೆಗೆ ಒಯ್ದ. ಅವಳು ದಾರದ ಗಂಟು ನೋಡಿ ನಕ್ಕಳು. ಅವಳನ್ನು ಬಿಡದೆ ನಂಬಿದ್ದ ಒಂದೇ ಒಂದು ಮನೆಯ ಮದುವೆಯಲ್ಲಿ ಜನ ಆ ಸಾರನ್ನು ಬೊಗಸೆಯೊಡ್ಡಿ ಕುಡಿದರು.

ಶಿಷ್ಯೆ ತನ್ನ ಹಾಳೆಯನ್ನು ನೋಡಿದಳು. “ಹಾಗಾದರೆ ಇದನ್ನು ಹರಿದುಬಿಡಲೇ?”

“ಗೋಡೆಗೆ ಅದೂ ಬೇಕು. ಈಗ ಅದರಲ್ಲಿ ಇಂಗು ಯಾವುದು, ತೋರಿಸು.”

ಶಿಷ್ಯೆ ಹಾಳೆಯನ್ನು ಮಡಿಲಲ್ಲಿ ಹರಡಿದಳು. ಅವಳ ಬೆರಳು ಮೊದಲ ಸಾಲಿನಿಂದ ಕೆಳಗಿಳಿಯತೊಡಗಿತು.