ಹೂಂಗುಟ್ಟಿದವರು

ಯುವರಾಜ ಬೀರರಸನ ಓದಿನ ಹುಚ್ಚು ಅಂಥಿಂಥದ್ದಲ್ಲ. ಓಲೆಗರಿ ಕೈಗೆ ಸಿಕ್ಕರೆ ಊಟದ ನೆನಪೂ ಇರುತ್ತಿರಲಿಲ್ಲ.

ಹೊಳೆದಂಡೆಯ ಆಶ್ರಮದಲ್ಲಿ ಗುರು ನಿರ್ವಾಣಯ್ಯನವರ ಕಟ್ಟಳೆ ಒಂದೇ. ಓದುವವನು ಗಟ್ಟಿಯಾಗಿ ಓದಬೇಕು, ಎದುರಿಗೆ ಒಬ್ಬರು ಕೂತು ಹೂಂಗುಟ್ಟಬೇಕು. ಹೂಂ ಅನ್ನುವವರಿಲ್ಲದೆ ಗರಿ ಮಗುಚುವಂತಿಲ್ಲ.

ತಂದೆ ತೀರಿಕೊಂಡ ಸುದ್ದಿ ಬಂತು. ಬೀರರಸ ಪಟ್ಟವೇರಲು ಹೊರಡಬೇಕು. ಆದರೆ ಅಜ್ಜ ಬಿದಿರೂರನ್ನು ಗೆದ್ದ ಕಥೆ ಇನ್ನೂ ಅರ್ಧ ಉಳಿದಿತ್ತು. ನಡುಮಧ್ಯಾಹ್ನ, ಎಲ್ಲರೂ ಹೊಳೆಗೆ ಹೋಗಿದ್ದಾಗ, ಅವನೊಬ್ಬನೇ ಕೂತು ಓದತೊಡಗಿದ.

"ಕೋಟೆ ಬಿತ್ತು. ಊರಿಗೆ ಬೆಂಕಿ ಇಟ್ಟರು."

"ಹೂಂ," ಅಂದಿತು ಎದುರಿನ ಖಾಲಿ ಚಾಪೆ.

ಬೀರರಸ ತಲೆಯೆತ್ತಿ ನೋಡಿದ, ಯಾರೂ ಇರಲಿಲ್ಲ. ಆದರೂ ಓದಿನ ಚಟ ನೋಡಿ, ಮುಂದಿನ ಸಾಲಿಗೆ ಹೋದ.

"ಮನೆಗಳಿಗೆ ಹೊರಗಿನಿಂದ ಚಿಲಕ ಹಾಕಲಾಗಿತ್ತು."

ಈ ಸಲ ಹೂಂ ಅಂದವರು ಹಲವರು. ಅದರಲ್ಲೊಂದು ತೀರ ಎಳೆಯ ದನಿ.

ಅವನು ಗರಿ ಬಿಟ್ಟು ಹೊರಗೋಡಿದ. ಗುರುಗಳು ಒದ್ದೆ ಬಟ್ಟೆಯಲ್ಲಿ ಹೊಳೆಯಿಂದ ಬರುತ್ತಿದ್ದರು.

"ಗುರುಗಳೇ, ಒಳಗೆ ಯಾರೋ ಇದ್ದಾರೆ."

"ಯಾರ ಕಥೆ ಓದುತ್ತಿದ್ದೆ?"

"ಅಜ್ಜನದು."

"ಹೂಂ ಅಂದದ್ದು ಅಜ್ಜನೋ?"

ಬೀರರಸ ಇಲ್ಲವೆಂದು ತಲೆಯಾಡಿಸಿದ.

"ಹಾಗಾದರೆ ಕಥೆ ಯಾರದು ಅಂತ ಇವತ್ತು ಗೊತ್ತಾಯಿತು ಬಿಡು."

ಅಷ್ಟರಲ್ಲಿ ದಂಡನಾಯಕ ಚಟ್ಟಯ್ಯ ಕುದುರೆಯಿಂದ ಇಳಿದು ಬಂದ. ಕೈಯಲ್ಲೊಂದು ಓಲೆ. ಹೊಳೆಯಾಚೆಯ ಅತ್ತಿಹಾಳಿನವರು ವೈರಿಗಳಿಗೆ ಅನ್ನ ಹಾಕಿದ್ದರಂತೆ. ಆ ಊರನ್ನು ಸುಡುವ ಅಪ್ಪಣೆ ಅದು.

"ಪಟ್ಟಕ್ಕೆ ಮೊದಲೇ ಜನರಲ್ಲಿ ಭಯ ಹುಟ್ಟಿಸಬೇಕು, ಒಡೆಯ. ಓದುವಂಥದ್ದೇನಿಲ್ಲ, ಮುದ್ರೆ ಒತ್ತಿದರೆ ಸಾಕು."

ಬೀರರಸ ಮುದ್ರೆಯುಂಗುರ ಕಳಚಿದ.

"ನನ್ನ ಆಶ್ರಮದಲ್ಲಿ ಓದದ ಓಲೆಗೆ ಮುದ್ರೆ ಬೀಳುವುದಿಲ್ಲ," ಅಂದರು ಗುರುಗಳು. "ಒಳಗೆ ನಡೆ. ಗಟ್ಟಿಯಾಗಿ ಓದು."

ಬೀರರಸ ಖಾಲಿ ಚಾಪೆಯ ಎದುರು ಕೂತ. ಓಲೆಯನ್ನು ಗಟ್ಟಿಯಾಗಿ ಓದಿದ.

"ಅತ್ತಿಹಾಳನ್ನು ಸುಡುವುದು. ಯಾರೂ ಉಳಿಯಕೂಡದು."

"ಹೂಂ."

ಮಧ್ಯಾಹ್ನ ಕೇಳಿದ ದನಿಗಳಲ್ಲ, ಬೇರೆಯವು. ಚಾಪೆಯಿಂದ, ಗೋಡೆಯಿಂದ, ಅವನ ಬೆನ್ನ ಹಿಂದಿನಿಂದ. ಚಟ್ಟಯ್ಯ ಮಾತ್ರ ಬಾಗಿಲಲ್ಲಿ ನಿಂತು ಆಕಳಿಸುತ್ತಿದ್ದ. ಅವನಿಗೆ ಏನೂ ಕೇಳಿಸಿರಲಿಲ್ಲ.

ಬೀರರಸ ಓಲೆಯನ್ನು ಮುರಿದು ಹಾಕಿದ. ಹೆದರಿಕೆಗಿಂತ ಹೆಚ್ಚಾಗಿ ಅವನಿಗೆ ಅಳು ಬಂದಿತ್ತು.

"ಗುರುಗಳೇ, ಬಿದಿರೂರಿನವರು ಸತ್ತವರು. ಅತ್ತಿಹಾಳಿನವರು ಇನ್ನೂ ಬದುಕಿದ್ದಾರಲ್ಲ, ಅವರು ಹೇಗೆ ಹೂಂ ಅಂದರು?"

ಗುರುಗಳು ಮುರಿದ ಓಲೆಯ ಚೂರುಗಳನ್ನು ಆಯ್ದುಕೊಂಡರು.

"ಓದುವವನಿಗೆ ಮೊದಲೇ ಕೇಳಿಸುತ್ತದೆ, ಮಗು. ಓದದವನಿಗೆ ಆಮೇಲೂ ಕೇಳಿಸುವುದಿಲ್ಲ."