ನಾತಾಸುರನಿಗೆ ಬಾಗಿಲು ತೆರೆದವರು

"ಕೇಳ್ರಪ್ಪೋ ಕೇಳಿ! ಅರಮನೆಯ ಮೋರಿಯಲ್ಲಿ ನಾತಾಸುರ ಸೇರಿಕೊಂಡಿದ್ದಾನೆ. ಅವನ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿ ಮಂದಾರಿಯ ಜೊತೆ ಮದುವೆ. ತಪ್ಪಿದವನು ಅಸುರನ ಬಾಯಿಗೆ ತುತ್ತು!"

ಡಂಗುರ ಸಾರಿದವನೇ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ, ಅಂಥ ನಾತ. ಮಂದಾರಿ ಊಟ ಬಿಟ್ಟು ಕಡ್ಡಿಯಾಗಿದ್ದಳು, ಪಾಪ.

ಮೊದಲು ಅತ್ತರು ಪೂಸಿಕೊಂಡ ರಾಜಕುಮಾರನೊಬ್ಬ ಬಂದ. ಬಚ್ಚಲ ಕಂಡಿಯೊಳಗಿಂದ ಅಸುರ ಕೇಳಿದ: "ಹೊಟ್ಟೆಯಲ್ಲಿ ನೀರಿದ್ದರೆ ನನ್ನನ್ನು ತಡೆಯುತ್ತಾನೆ, ಬಾಯಾರಿದರೆ ಒಳಗೆ ಬಿಡುತ್ತಾನೆ. ಯಾರು ಆ ಕಾವಲುಗಾರ?"

"ಮೊಸಳೆ!"

ಗುಳುಂ.

ಎರಡನೆಯ ರಾಜಕುಮಾರನಿಗೆ ಬೇರೆ ಒಗಟು. "ನಾನು ಆಕಾಶಕ್ಕೆ ಹೋಗುವ ದಾರಿಗೆ ಅಡ್ಡವಾಗಿ ಸಂಸಾರ ಹೂಡಿದವಳು ಯಾರು?"

"ನಮ್ಮತ್ತೆ!" ಎಂದ. ಅವನೂ ಗುಳುಂ.

ಆಮೇಲೆ ಬಂದವನು ಮಣ್ಣಿನ ಕೊಳವೆ ಸುಡುವ ಕುಂಬಾರ ಚೆನ್ನಿಗ. ಅವನು ಮೊದಲು ಅರಮನೆಯ ಬಚ್ಚಲುಗಳನ್ನೆಲ್ಲ ಒಂದೊಂದಾಗಿ ಮೂಸಿ ನೋಡಿದ, ಬೀಗ ಹಾಕಿದ್ದ ಒಂದರ ಬಾಗಿಲ ಸಂದಿಗೂ ಮೂಗಿಟ್ಟ, ಮಾಳಿಗೆಗೂ ಹತ್ತಿ ಇಳಿದ. ಆಮೇಲೆಯೇ ಕಂಡಿಯ ಮುಂದೆ ಕೂತ. ಅಸುರ ಅವೇ ಎರಡು ಒಗಟು ಕೇಳಿದ.

"ಕಾವಲುಗಾರ ಅಂದರೆ ಕೊಳವೆಯ ಬಾಗಿನಲ್ಲಿ ನಿಲ್ಲುವ ನೀರು. ಅದು ಆರಿದರೆ ಮೋರಿಯ ಗಾಳಿ ಒಳಗೆ ಬರುತ್ತದೆ. ಸಂಸಾರ ಹೂಡಿದವಳು ಪಾರಿವಾಳ. ಮಾಳಿಗೆಯ ಗಾಳಿಕೊಳವೆಯ ಬಾಯಲ್ಲೇ ಗೂಡು ಕಟ್ಟಿದ್ದಾಳೆ. ಮೊಟ್ಟೆ ಒಡೆಯದ ಹಾಗೆ ಪಕ್ಕಕ್ಕೆ ಇಟ್ಟು ಬಂದೆ."

ಅಸುರ ಗುರುಗುಟ್ಟಿದ. "ಬರೀ ಪ್ರೀತಿಯಿಂದ ನನಗೆ ಬಾಗಿಲು ತೆರೆದವರು ಯಾರು?"

ಉತ್ತರ ಚೆನ್ನಿಗನಿಗೆ ಗೊತ್ತಿತ್ತು. ರಾಣಿ ತೀರಿಕೊಂಡ ದಿನ ದೊರೆ ಅವಳ ಬಚ್ಚಲಿಗೆ ಬೀಗ ಹಾಕಿಸಿದ್ದ. ಅವಳ ಮಾತೆತ್ತಿದವರ ತಲೆ ತೆಗೆಸುವುದಾಗಿಯೂ ಹೇಳಿದ್ದ. ಹೇಳಿದರೆ ದೊರೆಯ ಕತ್ತಿ, ಹೇಳದಿದ್ದರೆ ಅಸುರನ ಬಾಯಿ.

"ಬುದ್ಧೀ, ಅದು ತಾವೇ," ಎಂದ ಚೆನ್ನಿಗ, ಹಿಂದೆ ನಿಂತಿದ್ದ ದೊರೆಯ ಕಡೆ ತಿರುಗಿ. "ರಾಣಿಯಮ್ಮನ ಬಚ್ಚಲಿಗೆ ವರ್ಷದಿಂದ ಒಂದು ಚೊಂಬು ನೀರೂ ಬಿದ್ದಿಲ್ಲ. ಕಾವಲಿನ ನೀರು ಆರಿಹೋಗಿದೆ."

ದೊರೆ ಕತ್ತಿ ಹಿರಿದ. ಮಂದಾರಿ ಓಡಿಬಂದು ಅಡ್ಡ ನಿಂತಳು.

"ಅಪ್ಪಾಜಿ, ನನಗೂ ಅಮ್ಮನ ಹೆಸರು ಹೇಳಬೇಕು ಅನ್ನಿಸುತ್ತೆ. ನಿಮಗೆ ಹೆದರಿ ಸುಮ್ಮನಿದ್ದೀನಿ."

ದೊರೆಯ ಕೈ ಇಳಿಯಿತು. ಸೊಂಟದಲ್ಲಿದ್ದ ಬೀಗದ ಕೈ ತೆಗೆದು ತಾನೇ ಬಾಗಿಲು ತೆರೆದ. ಅಳುತ್ತಲೇ ಒಂದು ಕೊಡ ನೀರು ಹೊಯ್ದ. ಕೊಳವೆ ಗಟಗಟನೆ ಕುಡಿಯಿತು. ನುಂಗಿದ್ದವರಿಬ್ಬರನ್ನೂ ಉಗುಳಿ ನಾತಾಸುರ ಗಾಳಿಕೊಳವೆಯಿಂದ ಆಕಾಶಕ್ಕೆ ಹಾರಿದ. ಅತ್ತರಿನವನನ್ನು ಏಳು ಸಲ ತೊಳೆಯಬೇಕಾಯಿತು.

ಮದುವೆಯ ದಿನ ಮಂದಾರಿಗೆ ಎಣ್ಣೆನೀರು ಎರೆದದ್ದು ಅವಳ ಅಮ್ಮನ ಬಚ್ಚಲಲ್ಲೇ. ದೊರೆ ಹೊರಗೆ ನಿಂತು, ನೀರು ಹರಿಯುವ ಸದ್ದು ನಿಲ್ಲುವವರೆಗೂ ರಾಣಿಯ ಹೆಸರು ಹಿಡಿದು ಮಾತಾಡುತ್ತಿದ್ದ.