ಸಾತವ್ವನ ಐರಾಣಿ ಗಡಿಗೆ

ಹೊಳೆದಂಡೆಯ ಕುಂಬಾರ ಸಾತವ್ವ ಊರಿನ ಮದುವೆಗೆಲ್ಲ ಐರಾಣಿ ಮಾಡಿಕೊಟ್ಟವಳು. ಐರಾಣಿ ಅಂದರೆ ಮೆರವಣಿಗೆಯಲ್ಲಿ ಮದುವೆಮನೆಗೆ ಬರುವ, ಸುಣ್ಣ ಬಣ್ಣ ಬಳಿದ ಗಡಿಗೆ. ಅದು ಒಡೆದರೆ ಅಪಶಕುನ. ಈಗ ಅವಳ ಮಗಳದೇ ಮದುವೆ ಬಂತು. ಇಂಥ ನುಣುಪಿನ ಐರಾಣಿ ಯಾರೂ ಕಂಡಿರಬಾರದು ಅಂತ ಸಾತವ್ವನಿಗೆ ಹುಚ್ಚು ಹಿಡಿಯಿತು ನೋಡ್ರಿ!

ಮಣ್ಣಿಗಾಗಿ ಹೊಳೆಗುಂಟ ನಡೆದಳು. ನೀರು ಭೋರಿಡುವಲ್ಲಿ ಗುಂಡುಕಲ್ಲು. ಸ್ವಲ್ಪ ಮೆತ್ತಗಾದಲ್ಲಿ ಹರಳು. ತಿರುವಿನಲ್ಲಿ ಉಸುಕು. ನೀರೇ ನಿದ್ದೆಹೋದ ಮಡುವಿನಲ್ಲಿ ಬೆಣ್ಣೆಯಂಥ ಜೇಡಿಮಣ್ಣು.

"ಹೊಳೆವ್ವನೇ ಜರಡಿ ಹಿಡಿದು ಕೊಟ್ಟಾಳ!" ಅಂತ ಹಿಗ್ಗಿ ಬುಟ್ಟಿ ತುಂಬಿದಳು.

ಮಣ್ಣು ತುಳಿಯುವಾಗ ಜೋರುಬಾಯಿಯ ನಾದಿನಿ ನಿಂಬೆವ್ವ ಒಂದು ಬುಟ್ಟಿ ಉಸುಕು ಹೊತ್ತು ಬಂದಳು.

"ವೈನೀ, ಉಸುಕು ಕೂಡಿಸದ ಮಣ್ಣು ನಿಂದರೂದಿಲ್ಲ."

"ಉಸುಕೂ ಒರಟು, ನೀನೂ ಒರಟು. ಈ ಮದುವಿಗೆ ಎರಡೂ ಬ್ಯಾಡ!"

ನಿಂಬೆವ್ವ ಬಂದ ದಾರಿ ಬಿಟ್ಟು ಹಿತ್ತಲ ಹಾದು ಮನೆಗೆ ಹೋದಳು.

ಉಸುಕಿಲ್ಲದೆ ಮಾಡಿ ನೆರಳಲ್ಲಿ ಒಣಗಲಿಟ್ಟ ಗಡಿಗೆಗಳು ಬಾಯಿಂದ ಬುಡದವರೆಗೆ ಬಿರಿದವು. ಅಯ್ಯೋ, ಮದುವೆ ಬಾಗಿಲಿಗೆ ಬಂದಿದೆ! ಸಾತವ್ವ ಮಡುವಿನ ದಂಡೆಗೆ ಹೋಗಿ ಅತ್ತಳು. ಅಳುತ್ತ ಅಳುತ್ತ ಜೊಂಪು ಹತ್ತಿತು. ಜೊಂಪಿನಲ್ಲಿ ಹೊಳೆ ಮಾತಾಡಿತು.

"ಯಾಕ ಅಳ್ತಿ?"

"ನೀ ಆರಿಸಿಟ್ಟ ಮಣ್ಣೇ ಕೈಕೊಟ್ಟಿತವ್ವ."

"ಹುಚ್ಚಿ, ನಾ ಎಲ್ಲಿ ಆರಿಸಿದೆ? ಕಲ್ಲು, ಉಸುಕು, ಮಣ್ಣು ಎಲ್ಲಾರನ್ನೂ ಹೊತ್ಕೊಂಡು ಹೊಂಟಿದ್ದೆ. ಕೈ ಸೋತಂಗ ಭಾರ ಇದ್ದವರನ್ನ ಮೊದಲ ಇಳಿಸಿದೆ. ತೆಳ್ಳಗ, ಚಪ್ಪಟಿ ಇದ್ದವರು ತೇಲಿಕೋತ ದೂರ ಬಂದರು. ಅದು ನನ್ನ ದಣಿವು. ಇವರು ಮೇಲು, ಅವರು ಕೀಳು ಅಂತ ನಾ ಯಾವಾಗ ಅಂದೆ?"

ಕಣ್ಣು ಬಿಟ್ಟಾಗ ಮಡು ಅಲುಗದೆ ಮಲಗಿತ್ತು. ಸಾತವ್ವ ಸೀದಾ ನಾದಿನಿಯ ಮನೆಗೆ ಓಡಿದಳು.

"ನಿಂಬೀ, ನಂದು ತಪ್ಪಾತು. ಉಸುಕು ಬೇಕು, ನೀನೂ ಬೇಕು."

"ಬುಟ್ಟಿ ಅವತ್ತ ನಿನ್ನ ಹಿತ್ತಲದಾಗ ಇಟ್ಟು ಬಂದೀನಿ. ಕಣ್ಣಿಲ್ಲೇನು ನಿನಗ?" ಅಂದಳು ನಿಂಬೆವ್ವ. ಅನ್ನುತ್ತಲೇ ಸೆರಗು ಸಿಕ್ಕಿಸಿ ಹೊರಟಳು. ಇಬ್ಬರೂ ಕೂಡಿ ಉಸುಕು ಬೆರೆಸಿ ಮಣ್ಣು ತುಳಿದರು, ಹೊಸ ಗಡಿಗೆ ಮಾಡಿ ಸುಟ್ಟರು.

ಮದುವೆಯ ದಿನ ಐರಾಣಿ ಒಂದೂ ಬಿರಿಯದೆ ಬಂದವು. ಮದುಮಗಳು ಗಡಿಗೆ ಸವರಿ, "ಅವ್ವಾ, ಕೈಗೆ ಒರಟು ಹತ್ತತೈತಿ" ಅಂದಳು.

ಸಾತವ್ವನ ಕಣ್ಣು ತುಂಬಿತು. "ಹತ್ತಲಿ ಬಿಡು. ಅದು ನಿಮ್ಮ ನಿಂಬಿ ಅತ್ತಿ. ಅಕಿ ಇದ್ದದ್ದಕ್ಕ ಗಡಿಗಿ ಒಡೀಲಿಲ್ಲ."

ನೀತಿ: ಬೇರೆ ಮಾಡುವುದು ಹೊಳೆಯ ದಣಿವು, ಕೂಡಿಸುವುದು ಮನುಷ್ಯರ ಕೆಲಸ. ಬರೀ ನುಣುಪಿನಿಂದ ಗಡಿಗೆಯೂ ನಿಲ್ಲದು, ಮನೆಯೂ ನಿಲ್ಲದು.